ತೆಂಗಿನೆಣ್ಣೆ ಕುಡಿದ ಲಾಕು

ನಮ್ಮ ದೊಡ್ಡಪ್ಪಯ್ಯನ ವ್ಯಾನನ್ನು ಕದಿಯಬೇಕೆಂದಿದ್ದ ಕಳ್ಳನಿಗೆ ಕೀ ಸಿಕ್ಕರೆ ಸಾಲುತ್ತಿರಲಿಲ್ಲ, ಆತ ಅವರ ಮನೆಯಲ್ಲಿ ಒಂದು ವರ್ಷ ಉಂಡು ಮಲಗಿ ವಿದ್ಯೆ ಕಲಿಯಬೇಕಿತ್ತು! ಕೀ ಹೇಗೂ ಸಿಗುತ್ತಿತ್ತು ಬಿಡಿ. ಗಂಗೊಳ್ಳಿಗೆ ಮೀನಿಗೆ ಹೋಗಲಿ, ಪೇಟೆಗೆ ಸಾಮಾನಿಗೆ ಹೋಗಲಿ, ಅವರು ಕೀಯನ್ನು ವ್ಯಾನಿನಲ್ಲೇ ಬಿಟ್ಟು ಇಳಿಯುವವರು. ವ್ಯಾನಿಗೆ ವಯಸ್ಸಾಗಿದೆ. ಅದರ ಇಗ್ನಿಷನ್ ಲಾಕಿಗೆ ವ್ಯಾನಿಗಿಂತಲೂ ಹೆಚ್ಚು ವಯಸ್ಸಾಗಿತ್ತು. ಕೀಯನ್ನು ಪೂರ್ತಿ ಒಳಗೆ ತಳ್ಳಿ, ಕೂದಲೆಳೆಯಷ್ಟು ಹೊರಗೆಳೆದು, ಸ್ಟೇರಿಂಗನ್ನು ಎಡಕ್ಕೆ ಅಲುಗಿಸಿ, ಮೊಣಕಾಲಿನಿಂದ ಕೆಳಗೊಂದು ಗುದ್ದು ಕೊಟ್ಟು "ಏಳ್ ಮಗಾ" ಎನ್ನಬೇಕಿತ್ತು. ಆ ಕೊನೆಯದನ್ನು ಬಿಟ್ಟರೆ ನಡೆಯುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

"ನಿನ್ನನ್ನ್ ಬರೀ ಗುದ್ದಿರೆ ನೀ ಏಳ್ತ್ಯಾ?" ಎಂದರು.

ಬ್ರಹ್ಮಾವರದ ಒಂದು ಮದುವೆಯಲ್ಲಿ ಈ ವ್ಯಾನು ದಿಬ್ಬಣದ ಬಸ್ಸಿಗೆ ಅಡ್ಡ ನಿಂತಿತ್ತು. ಕೀ ಅದರಲ್ಲೇ ಇದೆಯಲ್ಲ, ಯಾರಾದರೂ ತೆಗೆಯಬಹುದಿತ್ತು! ಬಸ್ಸಿನ ಡ್ರೈವರ್ ಬೆವರು ಸುರಿಸಿ ಸೋತ. ವಿಡಿಯೋದವನು ಕ್ಯಾಮೆರಾ ಬದಿಗಿಟ್ಟು ಬಂದು ಸೋತ. ಮದುಮಗನ ಭಾವ ಪೇಟ ತೆಗೆದಿಟ್ಟು ಸೋತ. ಕೊನೆಗೆ ಮೈಕಿನಲ್ಲಿ ಕರೆದರು. ದೊಡ್ಡಪ್ಪಯ್ಯ ಪಾಯಸ ಬಿಟ್ಟು ಎದ್ದು ಬಂದರು. ಬಲಗೈ ಎಂಜಲು, ಎಡಗೈಯಲ್ಲೇ ಒಂದು ತಿರುವು, ವ್ಯಾನು ಗುರ್ ಎಂದಿತು. ಜನರೆಲ್ಲ ಚಪ್ಪಾಳೆ ತಟ್ಟಿದರು.

"ಕಂಡ್ರ್ಯಾ? ಬೇರೆಯವ್ರ ಕೈಗೆ ಅದ್ ತಿರ್ಗುದಿಲ್ಲೆ" ಎಂದು ಆಮೇಲೆ ಒಂದು ತಿಂಗಳು ಊರೆಲ್ಲ ಹೇಳಿಕೊಂಡು ಓಡಾಡಿದರು.

ಲಾಕು ಬದಲಿಸಿ ಎಂದು ದೊಡ್ಡಮ್ಮ ಹೇಳದ ದಿನವಿರಲಿಲ್ಲ. "ಎಂತಕ್ಕೆ? ನಾಲ್ಕ್ ಹನಿ ಎಣ್ಣೆ ಬಿಟ್ರೆ ಆಯ್ತಪ್ಪ" ಎನ್ನುವುದು ಅವರ ಉತ್ತರ. ತೆಂಗಿನೆಣ್ಣೆಯಿಂದ ಗುಣವಾಗದ ರೋಗ ಈ ಲೋಕದಲ್ಲೇ ಇಲ್ಲ ಎಂದು ನಂಬಿದವರು ಅವರು. ತಲೆಗೆ, ಬಾಗಿಲಿನ ಚಿಲಕಕ್ಕೆ, ಲಾಕಿಗೆ, ಎಲ್ಲಕ್ಕೂ ಒಂದೇ ಬಾಟಲಿ. ಚಳಿಗೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಲಾಕಿನೊಳಗೆ ಮಾತ್ರ ನೀರಾಗಿರುತ್ತದೆಯೇ? ಹಾಗಾಗಿ ಡಿಸೆಂಬರ್ ಬಂತೆಂದರೆ ದೊಡ್ಡಮ್ಮನ ಮಂಡಿನೋವಿನ ಬಿಸಿನೀರಿನ ಚೀಲ ಬೆಳಗಾಗುತ್ತಲೇ ಲಾಕಿನ ಮೇಲೆ ಕೂರುತ್ತಿತ್ತು.

"ಹ್ವಾಯ್, ನನ್ ಮಂಡಿಗಿಂತ ನಿಮ್ ವ್ಯಾನೇ ಹೆಚ್ಚಾ?"

"ನಿಂಗೆ ನೋವಾದ್ರೆ ಹೇಳುಕೆ ಬಾಯಿ ಇತ್ತ್. ಅದಕ್ಕಿತ್ತಾ?"

ದೊಡ್ಡಮ್ಮನಿಗೆ ಡ್ರೈವಿಂಗ್ ಚೆನ್ನಾಗಿಯೇ ಬರುತ್ತದೆ. ಬೈಂದೂರಿನಲ್ಲಿರುವ ಮಗಳ ಕಾರನ್ನು ಲಾರಿಗಳನ್ನೆಲ್ಲ ಹಿಂದೆ ಹಾಕಿ ಓಡಿಸಿಕೊಂಡು ಬರುತ್ತಾರೆ. ಮನೆಯ ವ್ಯಾನು ಮಾತ್ರ ಅವರ ಕೈಗೆ ಜಪ್ಪಯ್ಯ ಎಂದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ತವರಿಗೆ ಹೋಗಬೇಕೆಂದರೂ ದೊಡ್ಡಪ್ಪಯ್ಯನ ಮಧ್ಯಾಹ್ನದ ನಿದ್ದೆ ಮುಗಿಯುವವರೆಗೆ ಸೀರೆಯುಟ್ಟು ಕಾಯಬೇಕಿತ್ತು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ದೊಡ್ಡಮ್ಮ ಬೇಲಿಯಾಚೆಯಿಂದ ನನ್ನನ್ನು ಕೂಗಿದರು. ಓಡಿದೆ. ದೊಡ್ಡಪ್ಪಯ್ಯ ಎದೆ ಹಿಡಿದುಕೊಂಡು ಕೂತಿದ್ದರು, ಮೈಯೆಲ್ಲ ಬೆವರು. ವ್ಯಾನಿಗೆ ಹತ್ತಿಸಿದೆವು. ಡ್ರೈವರ್ ಸೀಟಿನಲ್ಲಿ ಕೂತ ದೊಡ್ಡಮ್ಮ ಕೀ ತಿರುಗಿಸಿದರು. ಅಲುಗಲಿಲ್ಲ. ನಾನು ತಿರುಗಿಸಿದೆ. ಊಹೂಂ! ಬಿಸಿನೀರಿನ ಚೀಲವೋ, ಅವತ್ತು ದೊಡ್ಡಪ್ಪಯ್ಯನ ಎದೆಯ ಮೇಲಿತ್ತು.

"ನನ್ ಎದಿ ಕಾಸುದ್ ಸಾಕ್, ಲಾಕ್ ಕಾಸಿ" ಎಂದು ಅವರೇ ಅದನ್ನು ತೆಗೆದು ಕೊಟ್ಟರು. ಕಾಸಿದರೂ ಆಗಲಿಲ್ಲ. "ಚೂರ್ ಹೊರ್ಗೆ ಎಳಿ... ಅಷ್ಟಲ್ಲ ಮಾರಾಯ್ತಿ... ಈಗ ಏಳ್ ಮಗಾ ಅನ್!"

"ಏಳ್ ಮಗಾ, ಏಳ್ ಮಗಾ" ಎನ್ನುತ್ತ ದೊಡ್ಡಮ್ಮ ಅಳತೊಡಗಿದರು. ನಾನು ಆಟೋದವನಿಗೆ ಫೋನ್ ಮಾಡುವಷ್ಟರಲ್ಲಿ ದೊಡ್ಡಪ್ಪಯ್ಯ ಪಕ್ಕದ ಸೀಟಿನಿಂದ ಬಾಗಿ, ದೊಡ್ಡಮ್ಮನ ನಡುಗುತ್ತಿದ್ದ ಕೈಯ ಮೇಲೆ ತಮ್ಮ ಕೈಯಿಟ್ಟು ತಿರುಗಿಸಿದರು. ವ್ಯಾನು ಹೊರಟಿತು.

ಕುಂದಾಪುರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಎದೆಗೇನೂ ಆಗಿಲ್ಲ, ಬರೀ ಗ್ಯಾಸು ಎಂದರು. ಹಿಂದಿನ ರಾತ್ರಿಯ ಕೋಳಿ ರೊಟ್ಟಿ ಮಾಡಿದ ಕೆಲಸ! ಆಸ್ಪತ್ರೆಯ ಬಾಗಿಲಲ್ಲಿ ಕೀ ತಿರುಗಿಸಿಕೊಟ್ಟದ್ದೂ ದೊಡ್ಡಪ್ಪಯ್ಯನೇ. ಓಡಿಸಿದ್ದು ದೊಡ್ಡಮ್ಮ. ತಲ್ಲೂರಿನ ಗ್ಯಾರೇಜು ಕಂಡದ್ದೇ ದೊಡ್ಡಪ್ಪಯ್ಯ "ನಿಲ್ಸ್" ಎಂದರು.

ಗ್ಯಾರೇಜಿನವನು ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಉಳಿ ಸುತ್ತಿಗೆ ಹಿಡಿದು ಬೋಲ್ಟುಗಳನ್ನು ಬಡಿದು ತೆಗೆದು, ವೈರು ಕಳಚಿ ಲಾಕನ್ನು ಹೊರಗೆಳೆದ. ಒಳಗೆಲ್ಲ ಬೆಣ್ಣೆಯಂಥ ಬಿಳಿ ಎಣ್ಣೆ. "ಅಯ್ಯಾ, ಇದ್ ಲಾಕಾ, ಗಾಣವಾ?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ತೆಂಗಿನೆಣ್ಣೆಯ ಮಹಿಮೆಯ ಮೇಲೆ ಅರ್ಧ ಗಂಟೆಯ ಭಾಷಣ ಸಿಗುತ್ತಿತ್ತು. ಅವತ್ತು ದೊಡ್ಡಪ್ಪಯ್ಯ ನನ್ನನ್ನು ಬದಿಗೆ ಕರೆದರು.

"ನಂಗೆ ಎದಿ ನೋವಿಗೆ ಹೆದ್ರಿಕೆ ಆಯ್ಲಿಲ್ಲ ಮಾರಾಯ. ಅವ್ಳ್ ಕೈ ನಡುಗುದ್ ಕಂಡ್ ಆಯ್ತ್. ನನ್ ಕೈಗೆ ಮಾತ್ರ ತಿರ್ಗತ್ತ್ ಅಂದ್ಕಂಡ್ ಇಷ್ಟ್ ವರ್ಷ ಕೊಚ್ಕಂಡೆ. ನಾಳೆ ನಾ ಇಲ್ದಿರೆ ಅವ್ಳ್ ಹ್ಯಾಂಗೆ ಹೋಪುದ್?"

ಅವರ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಸ ಲಾಕು ಕೂತಿತು. ಗ್ಯಾರೇಜಿನವನು ಹೊಳೆಯುವ ಕೀಯನ್ನು ದೊಡ್ಡಪ್ಪಯ್ಯನ ಮುಂದೆ ಹಿಡಿದ. ಅವರು ಮುಟ್ಟಲಿಲ್ಲ, "ಅವ್ಳಿಗೆ ಕೊಡ್" ಎಂದರು. ದೊಡ್ಡಮ್ಮ ಕೂತು, ಹೆದರುತ್ತಲೇ, ಎರಡು ಬೆರಳಲ್ಲಿ ತಿರುಗಿಸಿದರು. ತಕ್ಷಣ ಸ್ಟಾರ್ಟ್! ಗುದ್ದಿಲ್ಲ, "ಏಳ್ ಮಗಾ" ಇಲ್ಲ. ದೊಡ್ಡಪ್ಪಯ್ಯ ಕೈ ಕಟ್ಟಿಕೊಂಡು ಹೊರಗೆ ನಿಂತೇ ಇದ್ದರು.

ದೊಡ್ಡಮ್ಮ ಪಕ್ಕದ ಬಾಗಿಲನ್ನು ಒಳಗಿನಿಂದ ತೆರೆದರು. ನಮ್ಮ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತೆಂದು ಆಗ ನನಗೆ ತಿಳಿಯಿತು.

"ಬನ್ನಿ, ಕೂಕಣಿ. ನೀವ್ ಇಲ್ದೆ ನಾ ಎಲ್ಲಿಗೆ ಹೋಪುದ್?"