ಎರಡು ಜಾಡಿ ಮರಸೇಬು

ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಸರಿಯಾಗಿ ಅತ್ತೆ ಅಡುಗೆಮನೆಯಿಂದ ಒಂದು ಗಾಜಿನ ಜಾಡಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಬಂದರು.

"ತಗೋ, ನಿಮ್ಮ ಸಾಹೇಬರಿಗೆ ಕೊಡು. ನಿನ್ನ ವರ್ಗಾವಣೆ ಕಾಗದಕ್ಕೆ ಇವತ್ತು ತಾನೇ ರುಜು ಹಾಕೋದು? ಬರಿಗೈಲಿ ಹೋಗಬಾರದು ಕಣೇ."

ಜಾಡಿಯೊಳಗೆ ಹಿತ್ತಲ ಮರದ ಮರಸೇಬಿನ ಹೋಳುಗಳು ಪಾಕದಲ್ಲಿ ಮುಳುಗಿದ್ದವು. ಸೊಸೆ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಅತ್ತೆಯ ಮರಸೇಬನ್ನು ಇಪ್ಪತ್ತೆರಡು ವರ್ಷದಿಂದ ತಿಂದು ಬಲ್ಲವಳು ಅವಳು. ಹಣ್ಣು ಕೆಡಬಾರದು ಎನ್ನುವುದೊಂದೇ ಅತ್ತೆಯ ಗುರಿ. ಅದನ್ನು ಮುಂದೆ ಯಾರಾದರೂ ತಿನ್ನಬೇಕಾಗುತ್ತದೆ ಎನ್ನುವ ಯೋಚನೆ ಅವರಿಗೆ ಬಂದದ್ದೇ ಇಲ್ಲ. ಸಕ್ಕರೆ ಹಾಕುವರು. ಸಕ್ಕರೆಯ ಮೇಲೆ ನಂಬಿಕೆ ಸಾಲದೆ ಉಪ್ಪು ಹಾಕುವರು. ಉಪ್ಪಿನ ಮೇಲೂ ಅನುಮಾನ ಹುಟ್ಟಿ ಒಂದೊಂದು ಹೋಳಿಗೂ ಒಂದೊಂದು ಲವಂಗ ಚುಚ್ಚುವರು. ಹಲ್ಲುನೋವಿದ್ದವರು ಮಾತ್ರ ಸಂತೋಷದಿಂದ ತಿನ್ನಬಹುದಾದ ಹಣ್ಣು ಅದು.

"ಅತ್ತೆ, ಸಾಹೇಬರಿಗೆ ಸಿಹಿ ಆಗಿಬರಲ್ಲ..." ಬಾಯಿಗೆ ಬಂದ ನೆಪ ಹೇಳಿದಳು.

"ಇದೇನು ಅಷ್ಟು ಸಿಹಿ ಇರಲ್ಲ ಬಿಡು."

ಅದು ಮಾತ್ರ ನಿಜ. ಜಾಡಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಸಾಹೇಬರಿಗೆ ಕೊಡುವ ಮಾತೇ ಇಲ್ಲ, ಸಂಜೆ ಏನೋ ಒಂದು ಸುಳ್ಳು ಹೇಳಿದರಾಯಿತು ಎಂದುಕೊಂಡಳು.

ಸುಂಕದ ಕಚೇರಿಯ ಮೂರನೆಯ ಮಹಡಿಯಲ್ಲಿ ಯಾರಿಗೂ ಹೆಸರಿರಲಿಲ್ಲ, ಸರಕಿತ್ತು. ಹಡಗಿನಲ್ಲಿ ಬಂದ ಸರಕು ಯಾವುದು, ಅದು ಸುಂಕದ ಪಟ್ಟಿಯ ಯಾವ ಸಾಲಿಗೆ ಸೇರುತ್ತದೆ ಎಂದು ತೀರ್ಮಾನಿಸುವುದು ಅಲ್ಲಿಯ ಕೆಲಸ. ಒಣಮೀನಿನ ಕಡತ ನೋಡುವವನು ಒಣಮೀನು. ಗುಂಡಿ, ಜಿಪ್ಪು ನೋಡುವ ಹುಡುಗಿ ಜಿಪ್ಪಿ. ಹನ್ನೊಂದು ವರ್ಷದಿಂದ ಕೆಡದಂತೆ ಕಾಪಿಟ್ಟ ಹಣ್ಣುಗಳ ಮೇಜಿನಲ್ಲಿ ಕೂತಿದ್ದ ಇವಳು ಹಣ್ಣಕ್ಕ.

ಹಣ್ಣು ಸಕ್ಕರೆ ಹೀರಿ ಒಣಗಿದ್ದರೆ ಒಂದು ಸಾಲು, ಪಾಕದಲ್ಲಿ ತೇಲುತ್ತಿದ್ದರೆ ಇನ್ನೊಂದು, ಕುದಿಸಿ ಮುದ್ದೆಯಾಗಿದ್ದರೆ ಮತ್ತೊಂದು. ಸಾಗಿಸುವಾಗ ಕೆಡದಿರಲೆಂದು ಉಪ್ಪುನೀರಿನಲ್ಲೋ ಔಷಧಿಯಲ್ಲೋ ಇಟ್ಟಿದ್ದು, 'ಈ ಸ್ಥಿತಿಯಲ್ಲಿ ತಿನ್ನಲು ಬಾರದ್ದು' ಎನಿಸಿಕೊಂಡರೆ ಅದಕ್ಕೇ ಬೇರೆ ಸಾಲು, ಸುಂಕ ಕಡಿಮೆ. ಹಾಗಾಗಿ ತರಿಸುವವರ ಪ್ರಕಾರ ಜಗತ್ತಿನ ಯಾವ ಹಣ್ಣೂ ತಿನ್ನಲು ಬರುತ್ತಿರಲಿಲ್ಲ.

ಹಗಲೆಲ್ಲ "ಮೇಡಂ, ಇದು ಏನು?" ಮನೆಗೆ ಹೋದರೆ "ಅಮ್ಮಾ, ಡಬ್ಬೀಲಿರೋದು ಏನು?" "ಏನೇ, ಈ ಅಂಗಿ ಒಗೆದಿದ್ದೋ ಒಗೆಯೋದೋ?" ಹನ್ನೊಂದು ವರ್ಷದಲ್ಲಿ ಅವಳ ಆಸೆಗಳೆಲ್ಲ ಸೋಸಿ ಸೋಸಿ ಒಂದೇ ಉಳಿದಿತ್ತು: ಯಾರೂ ಏನನ್ನೂ ಕೇಳದ ಒಂದು ಕುರ್ಚಿ. ನೆಲಮಹಡಿಯ ಹಳೇ ಕಡತಗಳ ಕೋಣೆಯಲ್ಲಿ ಅಂಥದೊಂದು ಖಾಲಿಯಾಗಿತ್ತು. ಕಿಟಕಿಯ ಪಕ್ಕ. ಮೆಟ್ಟಿಲೂ ಇಲ್ಲ. ವರ್ಗದ ಕಾಗದ ಸಾಹೇಬರ ಮೇಜಿನ ಮೇಲಿತ್ತು. ಇವತ್ತು ಐದು ಗಂಟೆಯೊಳಗೆ ಕೈಯಲ್ಲಿರುವ ಕಡತ ಮುಗಿಸಿದರೆ ರುಜು ಹಾಕುತ್ತೇನೆ ಎಂದಿದ್ದರು.

ಉಳಿದದ್ದು ಒಂದೇ ಕಡತ. ಅದೂ ಮರಸೇಬಿನದು! ತರಿಸಿದವನು ತಿನ್ನಲು ಬಾರದ್ದು ಎಂದು ಬರೆದುಕೊಟ್ಟಿದ್ದ, ಅವಳಿಗೆ ಅನುಮಾನ. ಸ್ಯಾಂಪಲ್ ಜಾಡಿಯ ಚೀಟಿಯನ್ನು ನಿಯಮದಂತೆ ನೆನೆಸಿ ಕಿತ್ತಿದ್ದಳು. ಹೆಸರು ಕಂಡರೆ ಪರೀಕ್ಷೆ ಮಾಡುವವರ ಮನಸ್ಸು ವಾಲುತ್ತದಲ್ಲ. ಜಾಡಿಯ ಕುತ್ತಿಗೆಗೆ ಬರೀ ನಂಬರಿನ ಚೀಟಿ ಕಟ್ಟಿ ಲ್ಯಾಬಿಗೆ ಕಳಿಸಬೇಕು. ಚೀಲದಲ್ಲಿ ಅತ್ತೆಯ ಪಾಕ ಸೋರತೊಡಗಿತ್ತು. ಆ ಜಾಡಿಯನ್ನೂ ತೆಗೆದು ಒರೆಸಿ ಮೇಜಿನ ಮೇಲಿಟ್ಟಳು. ಪಕ್ಕಪಕ್ಕದಲ್ಲಿ ಎರಡೂ ಅವಳಿಜವಳಿಯ ಹಾಗೆ ಕಂಡವು.

"ಇದೇನ್ ಹಣ್ಣಕ್ಕ, ಎರಡೆರಡು?" ಒಣಮೀನು ಕುರ್ಚಿ ಸಮೇತ ಜರುಗಿ ಬಂದ. ಬೇರೆಯವರ ಕೆಲಸದಲ್ಲಿ ಸಹಾಯ ಮಾಡುವುದು ಅವನಿಗೊಂದು ಕಾಯಿಲೆ.

"ಒಂದು ಸ್ಯಾಂಪಲ್ಲು. ಇನ್ನೊಂದು ನಮ್ಮತ್ತೆ ಸಾಹೇಬರಿಗೆ ಅಂತ ಕೊಟ್ಟಿದ್ದು. ಅದನ್ನ ಮುಟ್ಟಬೇಡ ಮಾರಾಯ, ಈಗ ಬಂದೆ."

ಕೆಳಗೆ ಹೋಗಿ ತನ್ನ ಕುರ್ಚಿಯನ್ನು ಒಂದು ಸಲ ನೋಡಿ ಬರುವ ಆಸೆ ಅವಳಿಗೆ. ಹೋದಳು, ನೋಡಿದಳು, ಕೂತೂ ಕೂತಳು. ಕಿಟಕಿಯಿಂದ ಎಳೆ ಬಿಸಿಲು ಮಡಿಲಿಗೆ ಬಿತ್ತು. ಯಾರೂ ಏನೂ ಕೇಳಲಿಲ್ಲ. ಕಾಲು ಗಂಟೆ ಅವಳ ಬದುಕಿನಲ್ಲಿ ಯಾವ ಸಾಲಿಗೂ ಸೇರದೆ ಹಾಗೇ ಕಳೆದುಹೋಯಿತು.

ಮೇಲೆ ಬಂದರೆ ಮೇಜು ಖಾಲಿ.

"ಎಲ್ಲಾ ಮುಗಿಸಿದೀನಿ ಅಕ್ಕ!" ಒಣಮೀನು ಕೈ ಒರೆಸಿಕೊಂಡ. "ಚೀಟಿ ಕಟ್ಟಿ ಸ್ಯಾಂಪಲ್ ಲ್ಯಾಬಿಗೆ ಹೋಯ್ತು. ನಿಮ್ಮತ್ತೇದು ಸಾಹೇಬರ ಮೇಜಿಗೆ ಹೋಯ್ತು. ನೀವು ಸಂಕೋಚದೋರು, ಕೊಡ್ತಾನೇ ಇರಲಿಲ್ಲ."

"ಅಯ್ಯೋ ನಿನ್ನ! ಮುಟ್ಟಬೇಡ ಅಂದಿದ್ನಲ್ಲೋ!"

"ಒಳ್ಳೇದು ಮಾಡಿದರೂ ಬೈಗುಳ ನೋಡು," ಎಂದು ಅವನು ಗೋಡೆಗೆ ಹೇಳಿಕೊಂಡ.

ಅವಳು ಸಾಹೇಬರ ಬಾಗಿಲಿಗೆ ಓಡಿದಳು. ಒಳಗೆ ಮೀಟಿಂಗು. ಜಾಡಿಯನ್ನು ವಾಪಸು ತರಲು ಜಿಪ್ಪಿಯನ್ನು ಕಡತದ ನೆಪದಲ್ಲಿ ಒಳಗೆ ಕಳಿಸಿದರೆ ಅವಳು ಬರಿಗೈಯಲ್ಲಿ, ಕಣ್ಣರಳಿಸಿಕೊಂಡು ಬಂದಳು.

"ಅಕ್ಕಾ, ಮುಚ್ಚಳ ತೆಗೆದುಬಿಟ್ಟಿದಾರೆ. ಚಮಚ ತರಿಸಿಕೊಂಡ್ರು."

"ಮುಖ ಹೇಗಿತ್ತು?"

"ಬಾಯಿ ತುಂಬಿತ್ತು, ಮುಖ ಕಾಣಲಿಲ್ಲ."

ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಟ್ಟಳು. ಸಾಹೇಬರ ಹಲ್ಲು, ಅತ್ತೆಯ ಲವಂಗ, ಹರಿದು ಹೋದ ವರ್ಗದ ಕಾಗದ, ಮೂರೂ ಕಣ್ಣ ಮುಂದೆ ಗಿರಕಿ ಹೊಡೆದವು. ಮೂರೂವರೆಗೆ ಲ್ಯಾಬಿನ ವರದಿ ಬಂತು. ಓದಿದಳು.

'ಮರಸೇಬಿನ ಹೋಳುಗಳು. ಸಕ್ಕರೆ ಇದೆ. ಉಪ್ಪು ಮಿತಿಮೀರಿ ಇದೆ. ಪ್ರತಿ ಹೋಳಿಗೆ ಒಂದು ಲವಂಗ, ಉದ್ದೇಶ ತಿಳಿಯದು. ಕೆಡುವ ಸಂಭವ ಇಲ್ಲ. ಈ ಸ್ಥಿತಿಯಲ್ಲಿ ಮನುಷ್ಯರು ತಿನ್ನಲು ಬಾರದ್ದು.'

ಹಣ್ಣಕ್ಕ ವರದಿಯನ್ನು ಇನ್ನೊಮ್ಮೆ ಓದಿದಳು. ಇಪ್ಪತ್ತೆರಡು ವರ್ಷ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಮಾತಿಗೆ ಸರಕಾರದ ಮೊಹರು ಬಿದ್ದಿತ್ತು. ನಗು ಬಂತು, ಮರುಕ್ಷಣವೇ ಅತ್ತೆಯ ಮುಖ ನೆನಪಾಗಿ ಪಾಪ ಅನಿಸಿತು. ಒಣಮೀನು ಚೀಟಿಯನ್ನು ಅತ್ತೆಯ ಜಾಡಿಗೆ ಕಟ್ಟಿದ್ದ. ಹಾಗಾದರೆ ಸಾಹೇಬರು ತಿನ್ನುತ್ತಿರುವುದು...

"ಹಣ್ಣಕ್ಕ, ಸಾಹೇಬರು ಕರೀತಿದಾರೆ!"

ಒಳಗೆ ಹೋದರೆ ಜಾಡಿ ತೊಳೆದಿಟ್ಟಷ್ಟು ಖಾಲಿ. ಸಾಹೇಬರು ಚಮಚ ಚೀಪುತ್ತಿದ್ದರು.

"ಸರ್, ಆ ಜಾಡೀಲಿ..."

"ಏನೂ ಉಳಿದಿಲ್ಲ ಮೇಡಂ, ಪಾಕಾನೂ ಕುಡಿದೆ. ಏನು ಕೈಗುಣ ರೀ ನಿಮ್ಮತ್ತೇದು! ಬಾಯಲ್ಲಿಟ್ಟರೆ ಕರಗುತ್ತೆ. ಕೂತ್ಕೊಳ್ಳಿ. ಇಂಥ ಹಣ್ಣು ತಿಂದು ಪಳಗಿದ ನಾಲಿಗೇನ ನಾನು ಧೂಳು ಹಿಡಿದ ಕಡತದ ಮಧ್ಯೆ ಕೂರಿಸೋದೇ? ಛೆ, ಛೆ." ವರ್ಗದ ಕಾಗದವನ್ನು ಎತ್ತಿ ನೀಟಾಗಿ ನಾಲ್ಕು ಚೂರು ಮಾಡಿದರು. "ಹಣ್ಣಿನ ಮೇಜು ನಿಮ್ಮದೇ. ಹಾಂ, ತಿಂಗಳಿಗೊಂದು ಜಾಡಿ ಮರೀಬೇಡಿ. ಇಲ್ಲ ಅನ್ನಬಾರದು."

ಅವಳು ನಾಲ್ಕು ಚೂರನ್ನೂ ಎತ್ತಿಕೊಂಡು ತನ್ನ ಮೇಜಿಗೆ ಬಂದಳು. ನಿಜ ಹೇಳಿದರೆ ಸಾಹೇಬರು ಸ್ಯಾಂಪಲನ್ನೇ ನುಂಗಿದಂತಾಗುತ್ತದೆ; ಸ್ಯಾಂಪಲ್ ನುಂಗಿದ ಸಾಹೇಬ ವರ್ಗ ಕೊಟ್ಟಾನೆಯೇ? ಆ ಹಣ್ಣು ತಿನ್ನಲು ಬರುತ್ತದೆ ಎನ್ನುವುದಕ್ಕೆ ಅವರ ತುಟಿಗಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಆದರೆ ತುಟಿಯನ್ನು ಕಡತಕ್ಕೆ ಲಗತ್ತಿಸುವ ಹಾಗಿಲ್ಲವಲ್ಲ. 'ಸ್ಯಾಂಪಲ್ ಅದಲುಬದಲಾಗಿದೆ, ಹೊಸದು ತರಿಸಬೇಕು' ಎಂದು ಬರೆದು ಕಡತವನ್ನು ತನ್ನ ಮೇಜಿನ ಮೇಲೆಯೇ ಇಟ್ಟು, ಮೂರು ಮಹಡಿ ಮೆಟ್ಟಿಲನ್ನು ಮಂಡಿ ಹಿಡಿದುಕೊಂಡು ಇಳಿದಳು. ಕಡತಗಳ ಕೋಣೆಯ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತಾಗ ಥಟ್ಟನೆ ಹೊಳೆಯಿತು. ಎಲಾ! ಮುಂದಿನ ತಿಂಗಳು ಅತ್ತೆಯದೇ ಅಸಲಿ ಜಾಡಿ ಕೊಟ್ಟರೆ? ಒಂದೇ ಒಂದು ಹೋಳು ಸಾಕು. ಸಾಹೇಬರು ಬಾಯಿ ತೊಳೆದುಕೊಳ್ಳುವ ಮೊದಲೇ ಅವಳನ್ನು ನೆಲಮಹಡಿಗೆ ಎಸೆಯುತ್ತಾರೆ. ದಿನವೆಲ್ಲ ಸತ್ತಂತಿದ್ದ ಕಾಲಿಗೆ ಜೀವ ಬಂತು.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ್ರು ಸಾಹೇಬರು?"

"ಜಾಡಿ ಖಾಲಿ ಮಾಡಿಬಿಟ್ಟರು ಅತ್ತೆ. ಚಮಚ ಕೂಡ ಬಿಡಲಿಲ್ಲ." ಅಷ್ಟೂ ನಿಜವೇ ಆಗಿತ್ತು. "ಅತ್ತೆ, ಇನ್ನೊಂದು ಜಾಡಿ ಬೇಕು. ಈಗಲೇ ಮಾಡಿಕೊಡಿ. ಉಪ್ಪು, ಲವಂಗ ಎಲ್ಲಾ ಹಾಗೇ ಇರಲಿ."

ಅತ್ತೆಯ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡರು.

"ಇಪ್ಪತ್ತೆರಡು ವರ್ಷದಲ್ಲಿ ನೀನಾಗಿ ಕೇಳಿದ್ದು ಇದೇ ಮೊದಲು ಕಣೇ." ಅವಳ ಕೈ ಹಿಡಿದುಕೊಂಡು ಹಿತ್ತಲಿನ ಬೋಳು ಮರದ ಕಡೆ ನೋಡಿದರು. "ಆದರೆ ಅದೇ ಕೊನೇ ಜಾಡಿಯಾಗಿತ್ತಲ್ಲೇ. ಇನ್ನು ಹಣ್ಣು ಬರೋದು ಮುಂದಿನ ವರ್ಷಾನೇ."