ಕಲ್ಯಾಣ ಮಂಟಪದಲ್ಲಿ ಬೆಂದ ಪಿಚ್ಚರ್

ಮೊದಲು ಒಂದು ಒಗಟು. ಕೇಳುವಾಗ ಹಸಿರು, ಹೇಳುವಾಗ ಹಳದಿ, ನಡುವೆ ಒಂದೇ ಉಸಿರು. ಏನದು?

ಗೊತ್ತಾಗಲ್ಲ ಬಿಡಿ. ಮಾವಿನಹಣ್ಣು ಅಂತೀರಿ, ಅಲ್ಲ. ಗೋಸುಂಬೆ ಅಂತೀರಿ, ಅದೂ ಅಲ್ಲ. ನಮ್ಮ ಕನ್ನಡ ಮೇಷ್ಟ್ರಿಗೇ ಗೊತ್ತಾಗಲಿಲ್ಲ. ಅವರು ನನ್ನ ಪಾಸು ಮಾಡಲಿಲ್ಲ, ನಾನೂ ಅವರಿಗೆ ಉತ್ತರ ಹೇಳಲಿಲ್ಲ.

ನಮ್ಮ ಕಡೆ ಈಗ ಮನೆಗೊಂದು ಎಮ್ಮೆ ಇಲ್ಲದಿದ್ರೂ ಮನೆಗೊಬ್ಬ ಡೈರೆಕ್ಟರ್ ಇದ್ದಾನೆ. ಕೈಲಿ ಮೊಬೈಲ್ ಇದ್ದ ಮೇಲೆ ಇಂಥವೆಲ್ಲ ಆಗ್ತಾನೇ ಇರ್ತವೆ. ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಕಿರುಚಿತ್ರಗಳ ಹಬ್ಬ ಇಟ್ಕೊಂಡಿದ್ರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲ ಕಡೆಯಿಂದ ಪಿಚ್ಚರ್ ಬಂದಿದ್ವು. ಅದರಲ್ಲಿ ನಂದೂ ಒಂದು.

ಹತ್ತನೇ ಕ್ಲಾಸಿಗೆ ಡುಮ್ಕಿ ಹೊಡೆದು ಮನೇಲಿದ್ದೋನಿಗೆ ನಮ್ಮಪ್ಪ ಒಂದೇ ಮಾತು ಹೇಳಿದ್ದ: "ಪ್ರೈಜ್ ತಂದ್ಯೋ, ಪಿಚ್ಚರ್ ಮಾಡ್ಕೊಂಡಿರು, ನಾನು ಕೇಳಕಿಲ್ಲ. ತರ್ಲಿಲ್ವೋ, ಬ್ಯಾರನ್ ಮುಂದೆ ಕೂತ್ಕೊಂಡು ಸೌದೆ ಆಕು."

ಬ್ಯಾರನ್ ಅಂದ್ರೆ ಹೊಗೆಸೊಪ್ಪು ಬೇಯಿಸೋ ಮನೆ. ಒಳಗೆ ಹೋದ ಸೊಪ್ಪು ಹದವಾಗಿ ಆಚೆ ಬರೋಕೆ ಹತ್ತಿರ ಹತ್ತಿರ ಒಂದು ವಾರ. ಅಲ್ಲೀತನಕ ಒಳಗೆ ಸೊಪ್ಪು ಬೇಯ್ತದೆ, ಹೊರಗೆ ಸೌದೆ ಹಾಕೋನು ಬೇಯ್ತಾನೆ. ಹಂಗಾಗಿ ಪ್ರೈಜ್ ನನಗೆ ಬೇಕೇ ಬೇಕಿತ್ತು.

ಕೆಮ್ಮು

ಪ್ರೈಜ್ ಬರಬೇಕಾದ್ರೆ ಚಪ್ಪಾಳೆ ಬೀಳಬೇಕು. ನಮ್ಮೂರ ಹುಡುಗರನ್ನ ಆಟೋದಲ್ಲಿ ತುಂಬ್ಕೊಂಡು ಹೋಗಿ ಮಂಟಪದಲ್ಲಿ ಅಲ್ಲಲ್ಲಿ ಕೂರಿಸಿದೆ. "ನಮ್ಮ ಪಿಚ್ಚರ್ ಬಂದಾಗ ನಾನು ಕೆಮ್ತೀನಿ. ಕೆಮ್ಮು ಕೇಳಿದ ತಕ್ಷಣ ಶಿಳ್ಳೆ, ಚಪ್ಪಾಳೆ. ಮುಗಿದ ಮೇಲೆ ಎಲ್ರಿಗೂ ಚುರುಮುರಿ ನಂದು" ಅಂದೆ. "ಆಯ್ತು ಬುಡ್ಲಾ" ಅಂದ್ರು.

ಕಿಟಕಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಕತ್ತಲೆ ಮಾಡಿದ್ರು. ಕತ್ತಲೇಲಿ ಕೆಮ್ಮಿದ್ದು ಯಾರು ಅಂತ ಯಾರಿಗೆ ಗೊತ್ತಾಗ್ತದೆ? ಅದೂ ಬೀಡಿ ಸೇದೋ ಯಜಮಾನ್ರೇ ತುಂಬಿರೋ ಮಂಟಪದಲ್ಲಿ. ಅವರು ಕೆಮ್ಮೋದಿರಲಿ, ದೀಪ ಹಚ್ಚಿದ ಮುಖ್ಯ ಅತಿಥಿಗಳಿಗೇ ಊದುಬತ್ತಿ ಹೊಗೆ ಮೂಗಿಗೆ ಹೋಗಿ ಮೈಕಲ್ಲೇ ಕೆಮ್ಮು ಬಂತು. ನಾಲ್ಕೂ ಮೂಲೆಯಿಂದ ಶಿಳ್ಳೆ!

ಅತಿಥಿಗಳ ಮುಖ ಅರಳ್ತು. ಎರಡು ಮಾತಾಡಿ ಕೂರ್ತೀನಿ ಅಂದಿದ್ದೋರು ಹುಟ್ಟಿದ್ದು, ಬೆಳೆದಿದ್ದು, ಗೋಡೆ ಹಾರಿ ಟೆಂಟ್ ಸಿನಿಮಾ ನೋಡಿದ್ದು, ಎಲ್ಲ ಹೇಳೋಕೆ ಶುರು ಮಾಡಿದ್ರು. ಗಂಟಲು ಸರಿ ಮಾಡ್ಕೊಂಡಾಗಲೆಲ್ಲ ಚಪ್ಪಾಳೆ. ಆವತ್ತಿನ ಅತಿ ಉದ್ದದ ಕಿರುಚಿತ್ರ ಅದೇ.

ಒಟ್ಲು

ಮೊದಲನೇ ಪಿಚ್ಚರ್ ಚುಂಚನಕಟ್ಟೆ ಕಡೇದು. ಹುಡುಗಿ ಕೈಕೊಡ್ತಾಳೆ, ಹುಡುಗ ಅಳ್ತಾ ಗದ್ದೇಲಿ ಓಡ್ತಾನೆ. ಪಿಟೀಲು ಬೇರೆ ಕುಯ್ಯೋ ಅಂತಿದೆ. ಆದರೆ ಅವನು ಓಡಿದ್ದು ಎಲ್ಲಿ? ಒಟ್ಲು ಮೇಲೆ. ನಾಟಿಗೆ ಅಂತ ಭತ್ತದ ಪೈರು ಬೆಳೆಸಿರ್ತಾರಲ್ಲ, ಆ ಮಡಿ ಮೇಲೆ.

ಹಿಂದಿನ ಸಾಲಿನ ಯಜಮಾನರೊಬ್ಬರು ಟವಲ್ ಕೊಡವಿ ಎದ್ದೇ ಬಿಟ್ರು. "ಲೇಯ್! ಯಾವನ್ಲಾ ಅವ್ನು, ಒಟ್ಲು ತುಳಿತಾವ್ನೆ? ಎಳ್ಕೊಳ್ರೋ ಆಚೆಗೆ!"

"ಅಳೋದಾದ್ರೆ ಬದಿನ ಮೇಲೆ ನಿಂತ್ಕೊಂಡು ಅಳಪ್ಪಾ!" ಅಂತ ಇನ್ನೊಬ್ಬರು.

ಹೀರೋಗೆ ಇದೆಲ್ಲ ಎಲ್ಲಿ ಕೇಳಿಸ್ಬೇಕು? ಅವನು ಮಂಡಿಯೂರಿದ, ಬಿದ್ದ, ಆಮೇಲೆ ಆ ಕಡೆಯಿಂದ ಈ ಕಡೆಗೆ ಹೊರಳಾಡಿದ. ಮುಂದೆ ಕೂತಿದ್ದ ಅಜ್ಜಿ "ಅಯ್ಯಯ್ಯಪ್ಪಾ" ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ಡೈರೆಕ್ಟರ್ ಅದನ್ನ ನೋಡಿದ. ಪಿಚ್ಚರ್ ಮುಗಿದ ಮೇಲೆ ಓಡಿ ಬಂದು ಅಜ್ಜಿ ಕಾಲಿಗೆ ಬಿದ್ದು, "ನನ್ನ ನೋವು ನಿಮಗೆ ಮುಟ್ತಲ್ಲ ಅಜ್ಜಿ, ಸಾಕು" ಅಂದ.

ಅಜ್ಜಿ ಅವನ ತಲೆ ಸವರಿ ಅಂದ್ರು: "ನಿಂದಲ್ಲ ಕಣಪ್ಪಾ, ಆ ಪೈರಿನ ನೋವು."

ಆನೆ

ಆಮೇಲೆ ಎರಡು ಆನೆ ಪಿಚ್ಚರ್. ಪಿರಿಯಾಪಟ್ಟಣದೋರು ಕಂಪ್ಯೂಟರಲ್ಲಿ ಆನೆ ಮಾಡಿಸಿದ್ರು. ಆನೆ ಚೆನ್ನಾಗೇ ಇತ್ತು, ಕಾಲು ಮಾತ್ರ ನೆಲಕ್ಕೆ ತಾಗ್ತಿರಲಿಲ್ಲ. "ಅವ್ವಾ, ಆನೆ ಯಾಕವ್ವಾ ಆರ್ತಾದೆ?" ಅಂತ ಒಂದು ಮಗು ಕೇಳ್ತು. "ದೇವ್ರಾನೆ ಇರ್ಬೇಕು, ಸುಮ್ಕೆ ಕೈಮುಗಿ" ಅಂದ್ಳು ಅವ್ವ.

ಇನ್ನೊಂದು ಎಚ್.ಡಿ. ಕೋಟೆ ಕಾಡಂಚಿನ ಆದಿವಾಸಿ ಹಾಡಿಯ ಹುಡುಗರದ್ದು. ಅದರಲ್ಲಿ ಒಂದು ಮುಚ್ಚಿದ ಬಾಗಿಲು, ಒಬ್ಬಳು ತಾಯಿ ಮುಖ, ಅಷ್ಟೇ. ಹೊರಗೆ ಬಿದಿರು ಲಟಲಟ ಮುರಿಯೋ ಸದ್ದು. ಆಮೇಲೆ ಸದ್ದು ನಿಲ್ತು. ಅವಳು ಮಗುವಿನ ಬಾಯಿ ಮೇಲೆ ಕೈ ಇಟ್ಟಳು. ಇಡೀ ಮಂಟಪದಲ್ಲಿ ಒಬ್ಬನೂ ಕೆಮ್ಮಲಿಲ್ಲ. ನೋಡಿದ್ರೆ ಎಲ್ಲರೂ ಕಾಲು ಎತ್ತಿ ಕುರ್ಚಿ ಮೇಲೆ ಇಟ್ಕೊಂಡವ್ರೆ. ನಾನೂ ಇಟ್ಕೊಂಡಿದ್ದೆ.

ಮುಗಿದ ಮೇಲೆ ನಿರೂಪಕರು ಕೇಳಿದ್ರು, "ಆನೆ ಪಿಚ್ಚರ್ ಅಂತೀರಿ, ಆನೇನೇ ತೋರಿಸಿಲ್ವಲ್ಲ?"

ಹಾಡಿ ಹುಡುಗ ಅಂದ: "ತೋರ್ಸಕ್ಕೆ ನಿಂತಿದ್ರೆ ನೀವು ಇವತ್ತು ನಮ್ಮ ಪಿಚ್ಚರ್ ಆಕ್ತಿರ್ಲಿಲ್ಲ ಸಾರ್, ನಮ್ಮ ಫೋಟೋಗೆ ಹಾರ ಆಕ್ತಿದ್ರಿ."

ಹೂಂ

ಕೊನೆಗೆ ನಮ್ಮದು. ಕಥೆ ಇಷ್ಟೇ. ಬಡವರ ಹುಡುಗ ಬ್ಯಾರನ್ ಮುಂದೆ ನಿಂತು ಸಾಹುಕಾರರ ಮಗಳನ್ನ ಕೇಳ್ತಾನೆ, "ನನ್ನ ಮದುವೆ ಆಗ್ತೀಯಾ?" ಅವಳು ಒಂದು ಉಸಿರು ತಗೊಂಡು "ಹೂಂ" ಅಂತಾಳೆ. ಆಮೇಲೆ ಅವಳಪ್ಪ ಒಪ್ಪಲ್ಲ, ಎಲ್ರೂ ಅಳಬೇಕು.

ಸಾಹುಕಾರರ ಮಗಳ ಪಾರ್ಟು ಮಾಡಿದ್ದು ನಮ್ಮತ್ತೆ ಮಗಳೇ. ಹುಡುಗ ಕೇಳೋ ಸೀನ್ ತೆಗೆದ್ವಿ. ಅವಳು ಹೂಂ ಅನ್ನಬೇಕು, ಅಷ್ಟರಲ್ಲಿ ಅತ್ತೆ ಫೋನ್ ಮಾಡಿ ಮನೆಗೆ ನೆಂಟರು ಬಂದವ್ರೆ ಅಂತ ಕರೆಸ್ಕೊಂಡ್ರು. ಅವಳು ವಾಪಸ್ ಬಂದಿದ್ದು ಮುಂದಿನ ವಾರ. ಅದೇ ಲಂಗದಾವಣಿ, ಅದೇ ಬಳೆ, ಅಷ್ಟೇ ಉದ್ದದ ಮಲ್ಲಿಗೆ, ಅದೇ ಜಾಗ. ಎಲ್ಲ ಜೋಡಿಸಿ ಹೂಂ ಅನ್ನಿಸಿದೆ. ನಾನೇನು ಕಮ್ಮಿ ಡೈರೆಕ್ಟರಾ?

ನಮ್ಮಪ್ಪ ಮೊದಲನೇ ಸಾಲಲ್ಲಿ ಕೂತಿದ್ದ. ಪಿಚ್ಚರ್ ಶುರುವಾಯ್ತು. ನಾನು ಕೆಮ್ಮಿದೆ. ಶಿಳ್ಳೆ ಇಲ್ಲ. ಅತಿಥಿಗಳಿಗೇ ಶಿಳ್ಳೆ ಹೊಡೆದು ಸುಸ್ತಾದ ಹುಡುಗರು ಆಗಲೇ ಚುರುಮುರಿ ಗಾಡಿ ಹತ್ರ ಹೋಗಿದ್ರು. ಇನ್ನೂ ಜೋರಾಗಿ ಕೆಮ್ಮಿದೆ. ಪಕ್ಕದ ಯಜಮಾನರು ಕೈಗೆ ಒಂದು ಶುಂಠಿ ಪೆಪ್ಪರಮೆಂಟು ಇಟ್ರು.

ಪರದೆ ಮೇಲೆ ಹುಡುಗ ಕೇಳಿದ. ಅವನ ಹಿಂದೆ ಕಡ್ಡಿಗೆ ಕಟ್ಟಿ ನೇತುಹಾಕಿದ ಹೊಗೆಸೊಪ್ಪು ಹಚ್ಚ ಹಸಿರು. ಹುಡುಗಿ ಒಂದು ಉಸಿರು ತಗೊಂಡು "ಹೂಂ" ಅಂದಳು. ಅವಳ ಹಿಂದೆ ಅದೇ ಕಡ್ಡೀಲಿ ಅದೇ ಸೊಪ್ಪು, ನಿಂಬೆಹಣ್ಣಿನಂಗೆ ಹಳದಿ.

ಬೇರೆ ಊರಲ್ಲಾಗಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಇದು ಹುಣಸೂರು. ಮೊದಲು ಕೂಗಿದ್ದು ನಮ್ಮಪ್ಪಾನೇ.

"ಲೇ! ಹೆಣ್ಣು ಹೂಂ ಅನ್ನೋ ಹೊತ್ತಿಗೆ ಸೊಪ್ಪೇ ಬೆಂದೋಯ್ತಲ್ಲೋ!"

"ಒಳ್ಳೆ ಹೆಣ್ಣು ಬುಡು, ವಾರ ಯೋಚ್ನೆ ಮಾಡಿ ಏಳವ್ಳೆ" ಅಂದ್ರು ಹಿಂದಿನ ಸಾಲಿನೋರು. ಮಂಟಪಕ್ಕೆ ಮಂಟಪವೇ ಬಿದ್ದು ಬಿದ್ದು ನಗ್ತು. ಅವಳಪ್ಪ ಒಪ್ಪದೆ ಅವಳು ಅಳೋ ಸೀನಲ್ಲೂ ನಗ್ತಾನೇ ಇದ್ರು.

ಆಗ ಮೈಸೂರಿಂದ ಬಂದಿದ್ದ ತೀರ್ಪುಗಾರರು ಎದ್ದು ನಿಂತ್ರು. "ಒಂದು ವಾರದ ಕಾಲವನ್ನ ಒಂದು ಉಸಿರಲ್ಲಿ ಹಿಡಿದಿದ್ದಾನೆ ಈ ಹುಡುಗ!" ಅಂದ್ರು. ಮೊದಲನೇ ಪ್ರೈಜ್ ನನಗೇ. ನಮ್ಮಪ್ಪ ಸ್ಟೇಜಿಗೆ ಬಂದು ನನ್ನ ತಬ್ಬಿಕೊಂಡು, "ನೀನು ಪಿಚ್ಚರ್ ಮಾಡು ಮಗಾ, ಸೌದೆ ನಾನೇ ಆಕೊತೀನಿ" ಅಂತ ಗಳಗಳ ಅತ್ತ.

ನಂಬಿದ್ರಾ?

ತೀರ್ಪುಗಾರರು ಎದ್ದ ಮೇಲಿಂದು ನಾನೇ ಕಟ್ಟಿದ್ದು. ಅವರು ಎದ್ದಿದ್ದೇನೋ ನಿಜ, ಮೈಸೂರು ಬಸ್ಸು ಹಿಡಿಯೋಕೆ. ಪ್ರೈಜ್ ಹಾಡಿ ಹುಡುಗರಿಗೆ ಹೋಯ್ತು, ಹೋಗಬೇಕಾದ್ದೇ. ನಾನು ಇದನ್ನ ಬರೀತಿರೋದು ಬ್ಯಾರನ್ ಒಲೆ ಮುಂದೆ ಕೂತ್ಕೊಂಡು. ಬೇಗ ಮುಗಿಸ್ಬೇಕು, ಅಪ್ಪ ಬೈತಾವ್ನೆ:

"ಬರ್ದಿದ್ದು ಸಾಕು, ಸೌದೆ ಆಕ್ಲಾ. ಒಂದೇ ಉಸ್ರಿಗೆ ಹಳದಿ ಆಗಕ್ಕೆ ಇದೇನು ನಿನ್ನ ಪಿಚ್ಚರ್ರಾ?"