ನೆಲಕ್ಕೂ ಸೈ, ನೀರಿಗೂ ಸೈ

ನಮ್ಮ ಸೋದರಮಾವ ದೊಡ್ಡ ಬೇಟೆಗಾರರು. ಇದುವರೆಗೆ ಒಂದು ಸೊಳ್ಳೆಯನ್ನೂ ಹೊಡೆದವರಲ್ಲ! ಕೈಮೇಲೆ ಕೂತ ಸೊಳ್ಳೆಯನ್ನು ಉಫ್ ಎಂದು ಊದಿ, ಕಿಟಕಿ ತೆರೆದು, "ಹೋಗಮ್ಮ, ಪಕ್ಕದ ಬಿಲ್ಡಿಂಗಲ್ಲಿ ರಕ್ತ ಚೆನ್ನಾಗಿದೆ" ಎಂದು ಬೀಳ್ಕೊಡುವ ಪೈಕಿ. ಅವರ ಮನೆಯಲ್ಲಿ ಮೊಟ್ಟೆ ಎಂಬ ಶಬ್ದ ಆಡಿದರೂ ಬಾಯಿ ಮುಕ್ಕಳಿಸಬೇಕು. ಇಂಥವರು ಬೇಟೆಗಾರರಾದದ್ದು ಹೇಗೆ ಅಂತೀರಾ? ಬೇಟೆಗೆ ಬೇಕಾದದ್ದು ಬಂದೂಕು, ಕಾಡು, ಹಕ್ಕಿ ಮತ್ತು ನಾಯಿ. ಮೊದಲಿನ ಎರಡು ಮಾವನ ಹತ್ತಿರ ಇಲ್ಲ. ಮೂರನೆಯದು ಮುಂಬಯಿಯಲ್ಲಿ ಬೇಡವೆಂದರೂ ಕಿಟಕಿಯಲ್ಲಿ ಬಂದು ಕೂರುತ್ತದೆ. ನಾಲ್ಕನೆಯದನ್ನು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ತಂದುಬಿಟ್ಟರು.

ಮೈಸೂರಿನಿಂದ ಹುಡುಗಾಟದ ವಯಸ್ಸಿನಲ್ಲೇ ಬಂದ ಮಾವ, ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ನಕ್ಷೆಯಲ್ಲಿ ಕೂದಲೆಳೆಯಷ್ಟು ಗೆರೆ ಆಚೀಚೆ ಆದರೂ ಹಿಡಿಯುತ್ತಿದ್ದರಂತೆ. ಭಾನುವಾರ ಬಂದರೆ ಕೊರಳಿಗೆ ಬೈನಾಕ್ಯುಲರ್ ನೇತುಹಾಕಿಕೊಂಡು ಹಕ್ಕಿ ನೋಡಲು ಹೊರಡುವುದು ಅವರ ಒಂದೇ ಚಟ. ಸರ್ವೀಸು ಇನ್ನೂ ಎರಡು ವರ್ಷ ಇರುವಾಗಲೇ, "ಕಂಪ್ಯೂಟರ್ ಎಳೆಯೋ ಗೆರೆಗೆ ಜೀವ ಇಲ್ಲ ಕಣೇ" ಎಂದು ರಾಜೀನಾಮೆ ಕೊಟ್ಟು ಗೋರೆಗಾಂವಿನ ಮನೆಯಲ್ಲಿ ಕೂತರು. ನನ್ನ ಮನೆ ಕಾಂದಿವಲಿ, ಆಫೀಸು ಅಂಧೇರಿ. ನಡುವೆ ಗೋರೆಗಾಂವ್. ಹಾಗಾಗಿ ಹೋಗುವಾಗಲೋ ಬರುವಾಗಲೋ ಮಾವನ ಕೈಗೆ ಸಿಕ್ಕಿಬೀಳುವುದು ನನ್ನ ಹಣೆಬರಹ.

ಹೀಗೇ ಒಂದು ದಿನ ಅವರ ಮನೆಯ ಬಾಗಿಲು ತೆಗೆದರೆ, ನಡುಮನೆಯಲ್ಲಿ ಬಿಳಿ ಮೈಯ, ಕಂದು ಮಚ್ಚೆಯ, ಉದ್ದ ಕಾಲಿನ ನಾಯಿಯೊಂದು ನಿಂತಿತ್ತು. ಮಾವನ ಹಳೆಯ ಆಫೀಸರೊಬ್ಬರು ಊರು ಬಿಡುವಾಗ ಕೊಟ್ಟದ್ದು. ಪಾಯಿಂಟರ್ ಜಾತಿ. ಮಾವ ಅದಕ್ಕೆ ದಿವಾನ ಎಂದು ಹೆಸರಿಟ್ಟಾಗಿತ್ತು. ಅತ್ತೆ ಅಡುಗೆಮನೆಯಿಂದ ಹೊರಗೇ ಬಂದಿರಲಿಲ್ಲ.

"ಸಾಮಾನ್ಯ ನಾಯಿ ಅಂದ್ಕೋಬೇಡ" ಎಂದು ಮಾವ ಶುರು ಮಾಡಿದರು. "ಕೆಲವು ನಾಯಿಗಳಿಗೆ ಪೊದೆ, ಹುಲ್ಲು, ಗುಡ್ಡದ ಹಕ್ಕಿ ಮಾತ್ರ ಗೊತ್ತು. ಕೌಜುಗ ತೋರಿಸ್ತವೆ, ನೀರು ಕಂಡ್ರೆ ಓಡ್ತವೆ. ಇನ್ನು ಕೆಲವು ನೀರಿಗೆ ಧುಮುಕಿ ಬಾತುಕೋಳಿ ತರ್ತವೆ, ನೆಲದ ಮೇಲೆ ದಡ್ಡ. ನಮ್ಮ ದಿವಾನ? ನೆಲಕ್ಕೂ ಸೈ, ನೀರಿಗೂ ಸೈ!"

"ಗುಡ್ಡ ಎಲ್ಲಿದೆ ರೀ? ಕೆರೆ ಎಲ್ಲಿದೆ?" ಅಡುಗೆಮನೆಯಿಂದ ಅತ್ತೆಯ ದನಿ. "ಇರೋದು ಒಂದು ಹಾಲು, ಎರಡು ರೂಮು. ನಲ್ಲೀಲಿ ನೀರು ಬರೋದು ಬೆಳಿಗ್ಗೆ ಒಂದು ಗಂಟೆ!"

ಅತ್ತೆ ಬಂದು ಮಾವನ ಮುಂದೆ ಕಾಫಿ ಲೋಟವನ್ನು ಟಕ್ ಎಂದು ಕುಕ್ಕಿದರು. ಆಮೇಲೆ ನಾನು ಹೋದಾಗಲೆಲ್ಲ ಕಾಫಿ ಬಂದದ್ದು ಹಾಗೇ, ಟಕ್! ನಾಯಿಯ ಮೇಲಿನ ಸಿಟ್ಟು ಲೋಟದ ಮೇಲೆ ಎಂದುಕೊಂಡೆ.

ಈ ಜಾತಿಯ ನಾಯಿಗೊಂದು ವಿಚಿತ್ರ ವಿದ್ಯೆ. ಹಕ್ಕಿಯ ವಾಸನೆ ಹತ್ತಿದರೆ ಬೊಗಳುವುದಿಲ್ಲ, ಓಡುವುದಿಲ್ಲ. ಮುಂದಿನ ಒಂದು ಕಾಲನ್ನು ಮಡಚಿ ಎತ್ತಿ, ಬಾಲವನ್ನು ಕೋಲಿನ ಹಾಗೆ ನೆಟ್ಟಗೆ ಮಾಡಿ, ಮೂಗನ್ನು ಹಕ್ಕಿಯ ಕಡೆಗೇ ಗುರಿಯಿಟ್ಟು ಕಲ್ಲಾಗಿ ನಿಲ್ಲುತ್ತದೆ. ಯಜಮಾನ ಬಂದು ಅಪ್ಪಣೆ ಕೊಡುವವರೆಗೂ ಕದಲುವುದಿಲ್ಲ. ಆ ಹೊತ್ತಿಗೆ ಯಜಮಾನ ಬಂದೂಕು ಏರಿಸಬೇಕು. ನಮ್ಮ ಯಜಮಾನರು ಏನು ಮಾಡುತ್ತಾರೆ? ನಿಧಾನವಾಗಿ ಹತ್ತಿರ ಹೋಗಿ, ಬಗ್ಗಿ, ಬಾಲದ ಬುಡದಿಂದ ನೆತ್ತಿಯವರೆಗೆ ಬೆನ್ನು ಸವರಿ, ಆ ದಿಕ್ಕಿಗೆ ಮುಖ ಮಾಡಿ ಒಂದು ನಿಮಿಷ ನಿಂತು, "ಆಯ್ತು, ಬಿಡು" ಅನ್ನುತ್ತಾರೆ. ನಾಯಿ ಕಾಲು ಇಳಿಸುತ್ತದೆ. ಹಕ್ಕಿ ತನಗೆ ಮನಸ್ಸು ಬಂದಾಗ ಹಾರುತ್ತದೆ. ಶಿಕಾರಿ ಮುಗಿಯಿತು!

"ಬೇಟೆ ಕಾನೂನುಬಾಹಿರ ಅಲ್ವಾ ಮಾವ?" ಎಂದರೆ, "ಕಾನೂನು ಕೊಲ್ಲಬೇಡ ಅಂದಿದೆ, ತೋರಿಸಬೇಡ ಅಂದಿಲ್ಲ" ಎಂಬ ವಾದ. ಅಷ್ಟೇ ಅಲ್ಲ, ಜೀವಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದ ಬೈನಾಕ್ಯುಲರನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. "ದಿವಾನ ಬಂದ ಮೇಲೆ ಇದ್ಯಾಕೆ ನಂಗೆ? ನೀನಿಟ್ಕೋ."

ಗುಡ್ಡದ ಹಕ್ಕಿ ಸಿಗದ ಊರಿನಲ್ಲಿ ಪಾರಿವಾಳವೇ ಕೌಜುಗ. ಮುಂಬಯಿಯಲ್ಲಿ ಪಾರಿವಾಳ ಎಲ್ಲಿಲ್ಲ ಹೇಳಿ! ಏಸಿ ಡಬ್ಬದ ಮೇಲೆ, ಕಿಟಕಿಯ ಗ್ರಿಲ್ಲಿನಲ್ಲಿ, ಸ್ಟೇಷನ್ನಿನ ಇಂಡಿಕೇಟರಿನ ಮೇಲೆ. ದಿವಾನ ಹತ್ತು ಹೆಜ್ಜೆಗೊಮ್ಮೆ ಕಾಲೆತ್ತಿ ಕಲ್ಲಾಗುತ್ತಿದ್ದ. ಗೇಟಿನಿಂದ ಹಾಲಿನ ಬೂತಿಗೆ ಐದು ನಿಮಿಷದ ದಾರಿ, ನಮಗೆ ಮುಕ್ಕಾಲು ಗಂಟೆ. ಹಿಂದೆ ರಿಕ್ಷಾಗಳ ಸಾಲು, ಪೋಂ ಪೋಂ! ಮಾವನಿಗೆ ಯಾವ ಹಾರ್ನೂ ಕೇಳಿಸದು. ಅದರ ಮೇಲೆ ನನಗೆ ಪರೀಕ್ಷೆ ಬೇರೆ.

"ಹೇಳು ನೋಡೋಣ, ಯಾವ ಹಕ್ಕಿ?"

"ಕಾಗೆ ಮಾವ."

"ಎಂಥ ಕಾಗೆ? ಕತ್ತು ಬೂದಿಯೋ, ಪೂರ್ತಿ ಕಪ್ಪೋ? ಎಲ್ಲಿ ಕೂತಿದೆ? ಏನ್ ಮಾಡ್ತಿದೆ?"

ಕಾಗೆ ಏನು ಮಾಡುತ್ತದೆ! ವಡಾಪಾವ್ ತಿನ್ನುತ್ತದೆ. ಮೂವತ್ತೈದು ವರ್ಷದ ಹೆಂಗಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಕಾಗೆಯ ವಿವರಣೆ ಹೇಳಿಸುವ ಮೇಷ್ಟ್ರ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆಲವು ಸಲ ಬೇಕೆಂದೇ ಸುಳ್ಳು ಹೇಳುತ್ತಿದ್ದೆ. "ನೀಲಿ ಕಾಗೆ" ಎಂದರೆ, "ತಲೆಹರಟೆ" ಎಂದು ನಗುತ್ತಿದ್ದರು.

ನಡವಳಿಕೆಯೂ ದಿನಕ್ಕೊಂದು ಬಗೆ. ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು. ಕೇಳಿದರೆ "ದಿವಾನನಿಗೆ ಮ್ಯಾಚಿಂಗ್!" ಒಂದು ಸಂಜೆ ಗೇಟಿನ ಕುರ್ಚಿಗೆ ಒಣಹಾಕಿದ್ದ ವಾಚ್‌ಮನ್ನಿನ ರೇನ್‌ಕೋಟಿಗೆ, "ಏನಪ್ಪಾ, ಮಗಳ ಪರೀಕ್ಷೆ ಹೇಗಾಯ್ತು?" ಎಂದು ವಿಚಾರಿಸಿದರು. ಉತ್ತರ ಬಾರದ್ದು ನೋಡಿ, "ಪಾಪ, ಫೇಲಾಗಿರಬೇಕು" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಇದನ್ನು ಆಫೀಸಿನಲ್ಲಿ ಒಂದು ವಾರ ಹೇಳಿಕೊಂಡು ನಕ್ಕಿದ್ದೇನೆ.

ಅಸಲಿ ವಾಚ್‌ಮನ್ ವಿಜಯಪುರದ ಕಡೆಯವನು. ಅವನ ಚಿಂತೆಯೇ ಬೇರೆ. "ಏನ್ರೀ ಸಾಹೇಬ್ರ, ಈ ನಾಯಿ ಬೊಗಳಂಗೇ ಇಲ್ಲಲ್ರೀ! ಕಳ್ಳ ಬಂದ್ರ ಏನ್ ಮಾಡ್ತೈತ್ರಿ?"

"ಕಳ್ಳ ಕೋಳಿ ತಂದಿದ್ರೆ ತೋರಿಸುತ್ತೆ" ಎಂದರು ಮಾವ.

ನೆಲದ ಪರೀಕ್ಷೆ ಪಾಸಾಯಿತು. ನೀರಿನದು ಬಾಕಿ. ಹಳೆಯ ಬಿಲ್ಡಿಂಗ್ ಒಡೆದು ಹೊಸದು ಕಟ್ಟಿದಾಗ ಬಿಲ್ಡರ್ ಮಹಾಶಯ ಎರಡು ಬೆಡ್‌ಶೀಟಿನಷ್ಟು ದೊಡ್ಡ ಈಜುಕೊಳವನ್ನೂ ಮಾಡಿಕೊಟ್ಟಿದ್ದ. ಒಂದು ಭಾನುವಾರ ಅದರ ಪಕ್ಕದಲ್ಲಿ ಹೋಗುತ್ತಿದ್ದಾಗ ದಿವಾನ ಹಗ್ಗ ಕಿತ್ತುಕೊಂಡು ಧುಮುಕಿದ. ಈಜಿಹೋಗಿ, ತೇಲುತ್ತಿದ್ದ ಹಳದಿ ಬಾತುಕೋಳಿಯೊಂದನ್ನು ಮೆಲ್ಲಗೆ ಕಚ್ಚಿ ತಂದು ಮಾವನ ಪಾದದ ಬಳಿ ಇಟ್ಟ. ಮಾವನ ಮುಖ ಊರಗಲವಾಯಿತು. ಕೂತು ಎರಡೂ ಕೈಯಿಂದ ಅದನ್ನು ಸವರಿದರು.

"ಒಂದು ಹಲ್ಲಿನ ಗುರುತಿಲ್ಲ ನೋಡು! ಹೇಳು, ಯಾವ ಬಾತು ಇದು? ಕೊಕ್ಕು ಯಾವ ಬಣ್ಣ?"

"ಮಾವ, ಪ್ಲಾಸ್ಟಿಕ್. ಮಕ್ಕಳ ಟ್ಯೂಬು. ಮೇಡ್ ಇನ್ ಚೈನಾ."

ಮಾವ ಅದನ್ನು ಕೆಳಗಿಟ್ಟು, "ಹಾಗಾದ್ರೆ ವಲಸೆ ಹಕ್ಕಿ!" ಎಂದರು.

ಟ್ಯೂಬು ಸೊಸೈಟಿಯ ಸೆಕ್ರೆಟರಿಯ ಮೊಮ್ಮಗಳದ್ದು. ಅವಳು ಬಾಯಿ ತೆರೆದಳು ನೋಡಿ, ಮಲಾಡಿನವರೆಗೂ ಕೇಳಿಸಿರಬೇಕು. ಮರುದಿನ ಲಿಫ್ಟಿನ ಪಕ್ಕ ನೋಟಿಸ್ ಬಿತ್ತು. ಭಾನುವಾರದ ಮೀಟಿಂಗಿನಲ್ಲಿ ನಾಲ್ಕನೇ ಮಹಡಿಯ ಶಿಕಾರಿ ನಾಯಿಯನ್ನು ಹೊರಗೆ ಕಳಿಸುವ ಕುರಿತು ತೀರ್ಮಾನ.

ಮಾವ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. "ಅವನು ಹೋದ್ರೆ ನನ್ನ ಭಾನುವಾರಾನೂ ಹೋದ ಹಾಗೇ" ಎಂದರು. ನಾಟಕ ಎಂದುಕೊಂಡೆ. ನಾಯಿಗೆ ಇಷ್ಟೊಂದು ಯಾಕೆ? ನನ್ನ ಪರಿಚಯದವರ ತೋಟ ಪುಣೆಯ ಹತ್ತಿರ ಇದೆ, ಅಲ್ಲಿ ಬಿಡೋಣ ಎಂದು ನಾನೇ ಸಲಹೆ ಕೊಟ್ಟೆ. ಮಾವ ನನ್ನ ಜೊತೆ ಎರಡು ದಿನ ಮಾತು ಬಿಟ್ಟರು.

ಮೀಟಿಂಗ್ ಕೆಳಗಿನ ಲಾಬಿಯಲ್ಲಿ. ಆರೋಪಿಯೂ ಹಾಜರಿದ್ದ. ಸೆಕ್ರೆಟರಿ ಎದ್ದು, "ಹಮಾರಿ ಸೊಸೈಟಿ ಶುದ್ಧ ಶಾಕಾಹಾರಿ ಹೈ" ಎಂದು ಆರಂಭಿಸಿ, ಶಾಕಾಹಾರಿ ಸೊಸೈಟಿಯಲ್ಲಿ ಶಿಕಾರಿ ನಾಯಿ ಇರುವುದು ಎಂಥ ಅನಾಚಾರ ಎಂದು ಹತ್ತು ನಿಮಿಷ ಬಣ್ಣಿಸಿದರು. ಆಗ ನಡೆಯಿತು ಮೊದಲ ಪವಾಡ. ಅತ್ತೆ ಎದ್ದರು! "ನಮ್ಮ ದಿವಾನ ಮೊಸರನ್ನ ತಿನ್ನೋನು. ಏಕಾದಶಿ ದಿವಸ ಅವಲಕ್ಕಿ. ಏನಂದ್ಕೊಂಡಿದೀರಿ?" ಕನ್ನಡದಲ್ಲೇ ಗುಡುಗಿದರು. ಅಲ್ಲಿದ್ದವರಿಗೆ ಒಂದಕ್ಷರ ತಿಳಿಯದಿದ್ದರೂ ಎಲ್ಲರೂ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಎರಡನೆಯ ಪವಾಡ ಬೆನ್ನಹಿಂದೆಯೇ ಬಂತು, ಹೆಲ್ಮೆಟ್ ಹಾಕಿಕೊಂಡು. ಪಾರ್ಸೆಲ್ ತಂದವನು ಬಾಗಿಲಲ್ಲಿ ನಿಂತು, "ಸಾತ್ ಸೌ ದೋ?" ಎಂದ. ಏಳು ನೂರ ಎರಡು ಸೆಕ್ರೆಟರಿಯ ಮನೆ! ದಿವಾನ ಎದ್ದ. ಕಾಲು ಮಡಚಿದ. ಬಾಲ ನೆಟ್ಟಗಾಯಿತು. ಮೂಗು ಪಾರ್ಸೆಲ್ಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು.

"ಕಾಟೇಗಾ ಕ್ಯಾ?" ಕಚ್ಚೀತೆಂಬ ಭಯಕ್ಕೆ ಪಾರ್ಸೆಲ್ಲಿನವನು ಗೋಡೆಗೆ ಅಂಟಿ ನಿಂತ.

ಮಾವ ಬಗ್ಗಿ ನಾಯಿಯ ಬೆನ್ನು ಸವರಿ, ಮೆಲ್ಲಗೆ, "ಹೇಳು ನೋಡೋಣ, ಯಾವ ಹಕ್ಕಿ?" ಎಂದರು. ಪೊಟ್ಟಣಕ್ಕೆ ಅಂಟಿಸಿದ್ದ ಬಿಲ್ಲು ನನ್ನ ಕಣ್ಣಿಗೆ ಬಿತ್ತು. ಓದಿ ಪಿಸುಗುಟ್ಟಿದೆ. "ಒಂದು ಪ್ಲೇಟ್ ಚಿಕನ್ ಲಾಲಿಪಾಪ್, ಒಂದು ರೋಸ್ಟ್ ಡಕ್."

ಕೋಳಿ ಮತ್ತು ಬಾತು! ನೆಲದ ಹಕ್ಕಿ, ನೀರಿನ ಹಕ್ಕಿ, ಎರಡೂ ಒಂದೇ ಪೊಟ್ಟಣದಲ್ಲಿ! ಮಾವನ ಕಣ್ಣಲ್ಲಿ ನೀರು ಬಂದಿತ್ತು. ಸೆಕ್ರೆಟರಿಯ ಹಣೆಯಲ್ಲೂ ನೀರು, ಆದರೆ ಅದು ಬೆವರು. ಮಾವ ನಿಧಾನವಾಗಿ ಎದ್ದು ನಿಂತು ಹಿಂದಿಯಲ್ಲಿ ಹೇಳಿದ್ದರ ಸಾರ ಇಷ್ಟು: "ಈ ಪಾರ್ಸೆಲ್ಲು ಅಡ್ರೆಸ್ ತಪ್ಪಿ ಬಂದಿರಬೇಕು. ನಮ್ಮ ನಾಯಿ ತೋರಿಸುತ್ತೆ ಅಷ್ಟೇ. ಬೊಗಳೋ ಅಭ್ಯಾಸ ಅದಕ್ಕೂ ಇಲ್ಲ, ನನಗೂ ಇಲ್ಲ."

ಸೆಕ್ರೆಟರಿ ಕೆಮ್ಮಿದರು. ಕಾಗದ ಮಗುಚಿದರು. "ನಾಯಿ ಬಹಳ ಶಿಸ್ತಿನದು. ಮುಂದಿನ ವಿಷಯ, ನೀರಿನ ಟ್ಯಾಂಕ್" ಎಂದರು. ಅಡ್ರೆಸ್ ತಪ್ಪಿದ ಪಾರ್ಸೆಲ್ಲು ಯಾರ ಹೊಟ್ಟೆ ಸೇರಿತೋ ನನಗೆ ಗೊತ್ತಿಲ್ಲ. ಮರುದಿನದಿಂದ ವಾಚ್‌ಮನ್ ಮಾತ್ರ ದಿವಾನನಿಗೆ ಸಲ್ಯೂಟ್ ಹೊಡೆಯತೊಡಗಿದ.

ಈ ವಿಜಯೋತ್ಸವಕ್ಕೆಂದೇ ಮುಂದಿನ ಭಾನುವಾರ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ದಂಡೆಗೆ ಹೊರಟೆವು. ಚಳಿಗಾಲದಲ್ಲಿ ಫ್ಲೆಮಿಂಗೊಗಳು ಬಂದು ಇಳಿಯುವ ಕೆಸರು ಬಯಲು ಅದು. ಬೆಳಗಿನ ಬಿಸಿಲು ಆಗಷ್ಟೇ ಏರುತ್ತಿತ್ತು. ನಾವು ಒಡ್ಡಿನ ಮೇಲೆ ನಿಂತಿದ್ದೆವು. ದಿವಾನ ಮುಂದೆ ಹೋಗಿ ಕಾಲೆತ್ತಿ ಕಲ್ಲಾದ.

ಮಾವ ಬಗ್ಗಿ ಬೆನ್ನು ಸವರಿದರು. "ಹೇಳು ನೋಡೋಣ, ಯಾವ ಹಕ್ಕಿ?"

ನನಗೆ ರೇಗಿತು. "ನೀವೇ ಹೇಳಿ ಮಾವ. ಕಣ್ಣೆದುರಿಗೇ ಇದೆಯಲ್ಲ."

"ಅದೂ ಸರಿ" ಎಂದರು ಮಾವ. ಆಮೇಲೆ, "ಒಂದೇ ಇದೆಯಾ? ಎರಡಾ?" ಎಂದು ಕೇಳಿದರು.

ಎದುರಿಗೆ ಸಾವಿರಾರು ಇದ್ದವು. ಕೆಸರೇ ಕಾಣದ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ಬಯಲೆಲ್ಲ ಗುಲಾಬಿ ಬಣ್ಣವಾಗಿತ್ತು.

ನಾನು ಮಾವನ ಮುಖ ನೋಡಿದೆ. ಅವರ ಕೈ ದಿವಾನನ ಬಾಲದ ಬುಡದಿಂದ ಬೆನ್ನಿಗೆ, ಬೆನ್ನಿನಿಂದ ನೆತ್ತಿಗೆ, ನೆತ್ತಿಯಿಂದ ಮೂಗಿನ ತುದಿಗೆ ಹೋಯಿತು. ಆ ಗೆರೆ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಮುಖ ತಿರುಗಿಸಿಕೊಂಡು ನಿಂತರು. ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಮಾವ, ಯಾವಾಗಿನಿಂದ?"

"ಮೂರು ವರ್ಷ ಆಯ್ತು ಕಣೇ. ನಡುಮಧ್ಯೆ ಹೊಗೆ ಕಟ್ಟಿದ ಹಾಗೆ. ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತೆ, ರಸ್ತೆ ದಾಟೋಕೆ ಸಾಕು. ಗೆರೆ ಎಳೆಯೋಕೆ ಆಗಲ್ಲ. ಹಕ್ಕಿ ನೋಡೋಕೂ ಆಗಲ್ಲ. ಡಾಕ್ಟ್ರು ಇನ್ನೇನೂ ಮಾಡೋಕಾಗಲ್ಲ ಅಂದ್ರು. ನಿಮ್ಮತ್ತೆಗೆ ಗೊತ್ತಿಲ್ಲ, ಹೇಳಬೇಡ."

ಟಕ್ ಎಂದು ಕುಕ್ಕುವ ಲೋಟ ನೆನಪಾಯಿತು, ತಾನೆಲ್ಲಿದ್ದೇನೆಂದು ಮಾವನಿಗೆ ಸದ್ದಿನಲ್ಲೇ ಹೇಳುವ ಲೋಟ. ಅತ್ತೆಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನಗೊಬ್ಬಳಿಗೆ. ಚಪ್ಪಲಿಗೆ ನಕ್ಕಿದ್ದೆ, ರೇನ್‌ಕೋಟಿಗೆ ನಕ್ಕಿದ್ದೆ. ಅವರು ಕಣ್ಣು ಕೇಳಿದರೆ ನಾನು ನೀಲಿ ಕಾಗೆ ಕೊಟ್ಟಿದ್ದೆ. ಆ ಕಣ್ಣನ್ನು ಪುಣೆಯ ತೋಟಕ್ಕೆ ಕಳಿಸಲೂ ಹೊರಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಬೈನಾಕ್ಯುಲರ್ ಕಣ್ಣಿಗೆ ಹಿಡಿದರೆ ಮೊದಲು ಬರೀ ಮಂಜು. ಅದರದ್ದೇನೂ ತಪ್ಪಿರಲಿಲ್ಲ, ಒರೆಸಿಕೊಳ್ಳಬೇಕಾದದ್ದು ನನ್ನ ಕಣ್ಣು.

"ಫ್ಲೆಮಿಂಗೊ, ಮಾವ" ಎಂದೆ. "ತುಂಬಾ ಇವೆ. ಎಣಿಸೋಕಾಗಲ್ಲ."

"ಬಣ್ಣ?"

"ಮೈ ತೆಳು ಗುಲಾಬಿ. ರೆಕ್ಕೆ ಬಿಚ್ಚಿದ್ರೆ ಒಳಗೆ ಕೆಂಪು. ತುದಿ ಕಪ್ಪು."

"ಕೊಕ್ಕು?"

"ಬಗ್ಗಿದೆ. ತಲೆಕೆಳಗು ಮಾಡಿ ನೀರಲ್ಲಿ ಆಡಿಸ್ತಿವೆ. ಈ ಕಡೆ ಒಂದು ಸಣ್ಣದು, ಇನ್ನೂ ಬೂದಿ ಬಣ್ಣ, ಅಮ್ಮನ ಹಿಂದೆ ಓಡ್ತಿದೆ. ಅಲ್ಲೊಂದು ಒಂಟಿಕಾಲಲ್ಲಿ ನಿಂತಿದೆ, ನಮ್ಮ ದಿವಾನನ್ನೇ ಅಣಕಿಸೋ ಹಾಗೆ."

ಮಾವ ನಕ್ಕರು. ಅವರ ಕೈ ದಿವಾನನ ನೆತ್ತಿಯ ಮೇಲೇ ಇತ್ತು. "ಆಯ್ತು, ಬಿಡು" ಎನ್ನಲಿಲ್ಲ. ದಿವಾನ ಎತ್ತಿದ ಕಾಲು ಇಳಿಸಲಿಲ್ಲ. ನಾನು ಆ ತುದಿಯ ಹಕ್ಕಿಯಿಂದ ಶುರುಮಾಡಿ ಒಂದೊಂದಾಗಿ ಹೇಳುತ್ತಾ ಬಂದೆ.